ಸ್ಪ್ರಿಂಗಿನ ಸಿಂಬಿ

"ನಾಳಿಂದ ನಾ ದವಾಖಾನಿಗೆ ಬರೂದಿಲ್ರಿ," ಅಂದಳು ರೇಣು. ತಾಟಿನಲ್ಲಿದ್ದ ರೊಟ್ಟಿಯನ್ನು ಅವಳಿನ್ನೂ ಮುರಿದಿರಲಿಲ್ಲ.

ಪುಣೆಯ ಹಡಪಸರದ ಆ ಮನೆಯಲ್ಲಿ ಊಟದ ಹೊತ್ತಿಗೆ ಜಗಳ ಹೊಸದಲ್ಲ. ಝುಣಕಕ್ಕೆ ಉಪ್ಪು ಹೆಚ್ಚಾಯಿತೆಂದು ಜಗಳ, ನಲ್ಲಿ ಬಂದ್ ಮಾಡುವುದನ್ನು ಮರೆತರೆಂದು ಜಗಳ, ಬೇರೆ ಕಾರಣ ಸಿಗದಿದ್ದರೆ ಟಿವಿ ಇದ್ದೇ ಇತ್ತು. ಆದರೆ ಸೊಸೆಯಾದವಳು ಅತ್ತೆ, ಮಾವ, ಗಂಡ, ಮಗಳು ಎಲ್ಲರೂ ಕೂತಿರುವಾಗ 'ಇಲ್ಲ' ಅಂದದ್ದು ಅವಳು ಈ ಮನೆ ತುಂಬಿದ ಮೇಲೆ ಇದೇ ಮೊದಲು.

"ಬರೂದಿಲ್ಲಂದ್ರ?" ಅತ್ತೆ ಪಾರವ್ವ ಕೇಳಿದಳು. "ಡಾಕ್ಟರ್ ಏನಂದಾರ, ಕೇಳಿಸಿಕೊಂಡಿಲ್ಲೇನು?"

"ಕೇಳಿಸಿಕೊಂಡೀನ್ರಿ ಅತ್ತಿ. ಕರೆಂಟ್ ಕೊಡೂದು ಏನೂ ತ್ರಾಸಿಲ್ಲ, ಅಲ್ಲಿ ಸುಮ್ಮ ಮಲಗೂದು. ಹೋಗೂ ಹಾದಿ ಆಗವಲ್ದು ನನಗ. ಗಾಡಿ ತಗ್ಗಿನ್ಯಾಗ ಇಳದ್ರ ಬೆನ್ನಾಗ ಸರಳು ಹೊಕ್ಕಾಂಗ ಆಗತದ. ಹೋಗಬೇಕಾದ್ರ ಒಮ್ಮೆ, ಬರಬೇಕಾದ್ರ ಒಮ್ಮೆ. ಸತ್ರ ಇಲ್ಲೇ ಸಾಯ್ತೀನ್ರಿ."

ರೇಣುವಿನ ಬೆನ್ನುಮೂಳೆಯಲ್ಲೊಂದು ಗಂಟಿತ್ತು. ಅದು ಎಂಥ ಗಂಟು ಎಂಬುದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಓಣಿಯವರಿಗೆ 'ಸೊಂಟ ಹಿಡಿದದ' ಎಂದು ಹೇಳಿ ಮುಗಿಸಿದ್ದರು. ಹನ್ನೆರಡನೆಯ ಇಯತ್ತೆ ಓದುವ ಶೀತಲ್ ಇದ್ದಾಳೆ, ನಾಳೆ ಅವಳಿಗೆ ವರ ನೋಡಬೇಕು ಎಂಬುದು ಪಾರವ್ವನ ಲೆಕ್ಕ. ಸ್ಟೇಶನ್ ಕಡೆಯ ದೊಡ್ಡ ಆಸ್ಪತ್ರೆಯ ಡಾಕ್ಟರು ಐದು ವಾರ, ಶನಿವಾರ ರವಿವಾರ ಬಿಟ್ಟು ದಿನಾಲೂ ರೇಡಿಯೇಶನ್ನಿನ ಕರೆಂಟ್ ಕೊಡಬೇಕು, ನಡುವೆ ತಪ್ಪಿಸಿದರೆ ಕೊಟ್ಟದ್ದೂ ನೀರಿನಲ್ಲಿ ಹೋಮ ಮಾಡಿದಂತೆ ಎಂದಿದ್ದರು. ಗಂಟು ನರವನ್ನು ಒತ್ತಿದರೆ ಕಾಲು ಹೋಗುತ್ತವೆ, ಹೋದ ಕಾಲು ಮರಳಿ ಬರುವುದು ಕಷ್ಟ. "ನೋವಿಗೆ ಹೆದರಬೇಡಿ," ಎಂದು ರೇಣುವಿನ ಗಂಡ ಸಿದ್ದಾರೂಢನಿಗೆ ಬಿಡಿಸಿ ಹೇಳಿದ್ದರು. "ನೋವಿದೆ ಎಂದರೆ ನರಕ್ಕೆ ಇನ್ನೂ ಜೀವ ಇದೆ. ಕಾಲಿಗೆ ಏನೂ ಗೊತ್ತಾಗುವುದಿಲ್ಲ ಅಂದಾಗ ಹೆದರಿ, ಓಡಿ ಬನ್ನಿ."

ಒಂದು ವಾರದ ಕರೆಂಟ್ ಮುಗಿದಿತ್ತು. ಇನ್ನೂ ನಾಲ್ಕು ವಾರ ಉಳಿದಿತ್ತು. ಹಾಸಿಗೆ ಕೊಡಿ, ಅಲ್ಲೇ ಇರಿಸುತ್ತೇವೆ ಅಂದರೆ, ನಡೆದು ಬರುವವರಿಗೆ ಹಾಸಿಗೆ ಇಲ್ಲ ಅಂದರು ಆಸ್ಪತ್ರೆಯವರು. ರಿಕ್ಷಾದಲ್ಲಿ ಒಂದು ದಿನ ಹೋಗಿ ನೋಡಿದ್ದಾಯಿತು, ಕಾರೇ ವಾಸಿ ಅನ್ನಿಸಿತು. ಪಕ್ಕದ ಮನೆಯವರ ಹೊಸ ಕಾರು ಕೇಳೋಣವೆಂದರೆ, ದಿನಾ ಎಲ್ಲಿಗೆ ಎಂಬ ಪ್ರಶ್ನೆ ಬರುತ್ತದೆ. ಪಾರವ್ವ ಅದಕ್ಕೆ ಕೈ ಅಡ್ಡ ಹಿಡಿದಳು.

ಉಳಿದದ್ದು ಮನೆಯ ಫಿಯಾಟ್. ಮಾವ ಶಿವಪುತ್ರಪ್ಪ ಇಂಡಿ ತಾಲೂಕಿನ ಕಡೆಯಿಂದ ಬಂದು ಭವಾನಿ ಪೇಠೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿ, ಕೆಮ್ಮಿ ಕೆಮ್ಮಿ ಗಳಿಸಿದ ಹಾಲುಬಣ್ಣದ ಕಾರು ಅದು. ಶೀತಲ್‌ಗಿಂತ ವಯಸ್ಸಿನಲ್ಲಿ ದೊಡ್ಡದು. ಅವನಿಗೆ ಓಡಿಸಲು ಬರುತ್ತಿರಲಿಲ್ಲ, ಅದರ ಅಗತ್ಯವೂ ಬಿದ್ದಿರಲಿಲ್ಲ, ಓಡಿಸಲು ಮಗ ಸಿದ್ದಾರೂಢನಿದ್ದ. ಮುಂದಿನ ಎಡಗಡೆಯ ಸೀಟಿನಲ್ಲಿ ರುಮಾಲು ಸುತ್ತಿ, ಕೋಲನ್ನು ಮೊಣಕಾಲ ನಡುವೆ ನಿಲ್ಲಿಸಿ ಕೂತರೆ ಕಾರಿಗೊಂದು ಕಳೆ. ಗಂಡಸರು ಮುಂದೆ, ಹೆಂಗಸರು ಹಿಂದೆ. ಮಠಕ್ಕೆ ಹೋದರೂ ಹಾಗೆ, ಮದುವೆಗೆ ಹೋದರೂ ಹಾಗೆ. ರೇಣುವನ್ನು ಮನೆ ತುಂಬಿಸಿಕೊಂಡದ್ದೂ ಹಿಂದಿನ ಸೀಟಿನಲ್ಲೇ, ಹೆರಿಗೆಗೆ ಕರೆದೊಯ್ದದ್ದೂ ಹಿಂದಿನ ಸೀಟಿನಲ್ಲೇ.

ಈಗ ಆಸ್ಪತ್ರೆಗೂ ಶಿವಪುತ್ರಪ್ಪ ದಿನಾ ಹೋಗುತ್ತಿದ್ದ. ಹೋಗದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಜಡ್ಡಾದ ಸೊಸೆಯನ್ನು ಹಿರಿಯರಿಲ್ಲದೆ ಕಳಿಸುವುದು ಅವನ ಮನಸ್ಸಿಗೆ ಒಪ್ಪುತ್ತಿರಲಿಲ್ಲ. ಬೆಳಗಾಗೆದ್ದು ಕಾರಿನ ಗಾಜು ತಾನೇ ಒರೆಸುತ್ತಿದ್ದ. ಮಾವ ಸೊಸೆ ಎದುರುಬದುರಾಗಿ ಮಾತಾಡುವ ವಾಡಿಕೆ ಆ ಮನೆಯಲ್ಲಿರಲಿಲ್ಲ. ಅವನು ಹೇಳಬೇಕಾದ್ದನ್ನು ಹೆಂಡತಿಗೋ ಗೋಡೆಗೋ ಹೇಳುತ್ತಿದ್ದ, ರೇಣು ಅಲ್ಲಿಂದ ಎತ್ತಿಕೊಳ್ಳುತ್ತಿದ್ದಳು.

ಅಂದೂ ಅವನು ನೀರಿನ ತಂಬಿಗೆಗೆ ಹೇಳಿದ. "ಆಕಿಗೆ ಹೇಳು, ಹಾದಿ ನಮ್ಮ ಕೈಯಾಗಿಲ್ಲ. ಗಾಡಿ ನಮ್ಮ ಕೈಯಾಗದ. ಸಿದ್ದೂ, ನಾಳಿ ಮಾರ್ತಾಂಡನ ಕಡೆ ಒಯ್ಯಿ. ಗಾಡಿ ಸುಧಾರಿಸಿದ್ರ ಆಕಿ ಬರತಾಳ."

ರೇಣು ರೊಟ್ಟಿ ಮುರಿದಳು. ಅದನ್ನೇ ಒಪ್ಪಿಗೆ ಎಂದುಕೊಂಡರು.

*

ಮಾರ್ತಾಂಡನ ಗ್ಯಾರೇಜು ಓಣಿಯ ಹೊರಗೇ ಇತ್ತು. ಆ ಫಿಯಾಟಿನ ಎಣ್ಣೆ ಬದಲಿಸುತ್ತಲೇ ಅವನಿಗೂ ಕೂದಲು ಹಣ್ಣಾಗಿದ್ದವು. ಸಿದ್ದಾರೂಢ ಕಾರ್ಖಾನೆಯ ಸ್ಟೋರಿನಲ್ಲಿ ಕಾರಕೂನ. ಪಾಳಿ ಬದಲಿಸಿಕೊಂಡು, ನಿದ್ದೆಗೆಟ್ಟು ಬಂದಿದ್ದ. ಏನಾಗಿದೆ ಎಂದು ಮಾರ್ತಾಂಡ ಕೇಳಿದಾಗ 'ಹೆಂಡತಿಗೆ' ಅನ್ನಲು ಅವನ ನಾಲಿಗೆ ಏಳಲಿಲ್ಲ. ಕನ್ನಡದಲ್ಲಿ ಯೋಚಿಸಿ ಮರಾಠಿಯಲ್ಲಿ ಮಾತಾಡುವವರ ಪಾಡು ಅದು. 'ಮನ್ಯಾಗಿನವರಿಗೆ' ಎಂಬುದನ್ನೇ ತಿರುವಿ, "ಘರಚ್ಯಾಂನಾ ಫಾರ್ ತ್ರಾಸ್ ಹೋತೋ, ಖೂಪ್ ಧಕ್ಕೆ ಬಸ್ತಾತ್," ಅಂದ. ಮನೆಯವರಿಗೆ ತ್ರಾಸಾಗುತ್ತದೆ, ಭಾಳ ಕುಲುಕುತ್ತದೆ.

ಮಾರ್ತಾಂಡ ತಲೆಯಾಡಿಸಿದ. "ಹಾಂ. ವಯ ಝಾಲಂ ಆತಾ."

ವಯಸ್ಸಾಯಿತು. ಕಾರಿನ ಮಾತು ಎಂದುಕೊಂಡು ಸಿದ್ದಾರೂಢನೂ ತಲೆಯಾಡಿಸಿದ.

ಮುಂದಿನ ಎಡಗಡೆಗೆ ಜಾಕ್ ಕೊಟ್ಟು ಎತ್ತಿ, ಮಾರ್ತಾಂಡ ಕೈ ಒಳಗೆ ಹಾಕಿದ. ಸುರುಳಿ ಸ್ಪ್ರಿಂಗಿನ ತುದಿಗೂ ಅದು ತಾಗುವ ತಗಡಿಗೂ ನಡುವೆ ರಬ್ಬರಿನದೊಂದು ಬಳೆ ಇರುತ್ತದೆ. ಹೊರಗೆ ಬಂದದ್ದು ಬಳೆಯಾಗಿ ಉಳಿದಿರಲಿಲ್ಲ, ಒಣಗಿದ ಹುಣಸೆಹಣ್ಣಿನಂತೆ ಪುಡಿಪುಡಿಯಾಗಿತ್ತು. ಕಬ್ಬಿಣ ಕಬ್ಬಿಣಕ್ಕೆ ಬಡಿಯುತ್ತಿದೆ, ಕುಲುಕದೆ ಇನ್ನೇನಾಗುತ್ತದೆ ಎಂದ ಮಾರ್ತಾಂಡ. ನಾನಾ ಪೇಠೆಯಲ್ಲಿ ಮೂರು ಥರದ್ದು ಸಿಗುತ್ತವೆ. ಹಳೆಯ ಮಾಲಿನ ಗಟ್ಟಿ ರಬ್ಬರು, ಈಗ ಬರುವ ಮೆತ್ತನೆಯದು, ಮತ್ತೆ ಚಾಕಣ ಕಡೆ ಯಾರೋ ಎರಕ ಹೊಯ್ಯುವ ಕೆಂಪು ಬಣ್ಣದ್ದು. ಮೆತ್ತನೆಯದು ಸುಖ, ಬೇಗ ಹೋಗುತ್ತದೆ. ಗಟ್ಟಿಯದು ಬಾಳುತ್ತದೆ, ಕುಲುಕು ಪೂರ್ತಿ ನಿಲ್ಲುವುದಿಲ್ಲ. ಕೆಂಪಿನದು ಇನ್ನೂ ಹಾಕಿ ನೋಡಿಲ್ಲ.

"ಯಾವುದು ಹಾಕಲಿ?" ಎಂದ.

ಅಷ್ಟು ಸಣ್ಣ ಪ್ರಶ್ನೆಗೆ, ತಾನೇ ನೋಡಿ ತರುತ್ತೇನೆಂದು ಸಿದ್ದಾರೂಢ ಎದ್ದು ಹೊರಟ. ಸ್ಟೋರಿನಲ್ಲಿ ದಿನಾ ಸಾವಿರ ಸಾಮಾನಿಗೆ ಸಹಿ ಹಾಕುವವನು ನಾನಾ ಪೇಠೆಯ ಅಂಗಡಿಯ ಕಟ್ಟೆಯ ಮೇಲೆ ಮೂರು ರಬ್ಬರನ್ನೂ ಇಟ್ಟುಕೊಂಡು ಒತ್ತಿ ಒತ್ತಿ ನೋಡಿದ. ಯಾವುದನ್ನು ಒತ್ತಿದರೂ ರೇಣುವಿನ ಬೆನ್ನನ್ನೇ ಒತ್ತಿದಂತಾಗುತ್ತಿತ್ತು. ತಪ್ಪಿದರೆ ಅವಳು ಕಾರು ಹತ್ತುವುದಿಲ್ಲ. ಹತ್ತದಿದ್ದರೆ ಕಾಲು ಹೋಗುತ್ತವೆ. ಅವನಿಗೆ ಹೆದರಿಕೆಯಾಗಿತ್ತು. ಅಂಗಡಿಯವನು ಅವಸರ ಮಾಡಿದ. ಮೂರನ್ನೂ ಕಟ್ಟಿಸಿಕೊಂಡು ಮನೆಗೆ ತಂದ.

*

ಪಾರವ್ವ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ಇದೇನೋ ಇದು, ಸಿಂಬಿ ಇದ್ದಾಂಗದ."

"ಏನ್ ಆಯೀ, ಸಿಂಬಿ ಅಂದ್ರ?" ಶೀತಲ್ ಪುಸ್ತಕದಿಂದ ತಲೆ ಎತ್ತಿ ಅಜ್ಜಿಯನ್ನು ಕೇಳಿದಳು.

"ಪುಣೆದಾಗ ಹುಟ್ಟಿದವ್ರಿಗೆ ಏನು ಗೊತ್ತು. ಬಾವಿಯಿಂದ ಕೊಡ ಹೊತ್ತು ತರಬೇಕಾದ್ರ ತಲಿಮ್ಯಾಲ ಅರಿಬಿ ಸುತ್ತಿ ಇಟ್ಟುಕೋತಿದ್ವಿ. ಕೊಡದ ಭಾರ ನೆತ್ತಿಗೆ ಹತ್ತಬಾರದು ಅಂತ. ನಿನ್ನಪ್ಪ ಗಾಡಿಗೆ ಸಿಂಬಿ ತಂದಾನ ನೋಡು."

"ಹಂಗಾರ ಮೆತ್ತಂದ ಹಾಕ್ರಿ. ನಮ್ಮ ಫಿಜಿಕ್ಸ್‌ನ್ಯಾಗೂ ಹಂಗ ಅದ. ಮೆತ್ತಗಿದ್ದಷ್ಟು ಧಕ್ಕಾ ಕಡಿಮಿ."

"ನಿನ್ನ ಫಿಜಿಕ್ಸ್ ರೊಟ್ಟಿ ಬಡೀತದೇನು?" ಶಿವಪುತ್ರಪ್ಪ ಕಟ್ಟೆಯಿಂದ ಕೂಗಿದ. "ಗಟ್ಟಿ ಇದ್ದದ್ದ ಖರೆ. ಕಂಪನಿದವ್ರೇನು ಹುಚ್ಚರಿದ್ದರೇನು, ಗಟ್ಟಿದು ಹಾಕಲಿಕ್ಕೆ?"

"ಗಟ್ಟಿದು ನಿಮಗರಿ. ಜಡ್ಡಾದ ಹೆಣ್ಣುಮಗಳಿಗೆ ಮೆತ್ತಂದ ಬೇಕು," ಅಂದಳು ಪಾರವ್ವ. ಆಮೇಲೆ ಬಾಗಿಲ ಸಂದಿಯಲ್ಲಿ ಗೋಡೆಗೆ ದಿಂಬು ಕೊಟ್ಟು ಕೂತಿದ್ದ ಸೊಸೆಯ ತೊಡೆಯ ಮೇಲೆ ಮೂರನ್ನೂ ಇಟ್ಟಳು. "ಒತ್ತಿ ನೋಡವ್ವ. ನಿನಗ ಯಾವುದು ಬೇಕು?"

ರೇಣು ಮೂರನ್ನೂ ಬೆರಳಿನಿಂದ ಮುಟ್ಟಿದಳು. ಅವಳಿಗೆ ಅಳು ಬಂತು. ಮದುವೆಯ ಸೀರೆಯನ್ನೂ ಯಾರೂ ಅವಳನ್ನು ಹೀಗೆ ಕೇಳಿ ತಂದಿರಲಿಲ್ಲ.

"ಯಾವುದಾರ ಹಾಕ್ರಿ. ನಿಮಗ ಛಲೋ ಅನಿಸಿದ್ದು," ಅಂದಳು.

ಮೆತ್ತನೆಯದನ್ನು ಹಾಕಿಸಿದರು. ಅಷ್ಟರಲ್ಲಿ ಎರಡು ದಿನದ ಕರೆಂಟ್ ತಪ್ಪಿತ್ತು.

ಬುಧವಾರ ಸೋಲಾಪುರ ರಸ್ತೆಗೆ ಕಾರು ಇಳಿಯಿತು. ಯಾವ ಕೇಬಲ್ಲಿಗೋ ಅಗೆದು ಮುಚ್ಚದೆ ಬಿಟ್ಟ ಗುಂಡಿ ಬಂತು, ದಾಟಿತು.

"ಹೆಂಗದ?" ಸಿದ್ದಾರೂಢ ಕೇಳಿದ. ಕೇಳಿದ್ದು ರೇಣುವನ್ನು. ಆದರೆ ಹೆಸರು ಹಿಡಿದು ಕೇಳುವ ರೂಢಿ ಅವನಿಗಿಲ್ಲ, ಮುಂದೆ ನೋಡುತ್ತ ಕೇಳಿದ.

"ಹೂವಿನ್ಹಾಂಗ," ಶಿವಪುತ್ರಪ್ಪ ಕೋಲಿನಿಂದ ನೆಲ ಕುಟ್ಟಿದ. "ಏನೂ ಗೊತ್ತಾಗೂದಿಲ್ಲ ನೋಡು. ಹೊಸಾ ಗಾಡಿ ಇದ್ದಾಂಗ ಆತು."

ಮಾವ ಹೂವೆಂದ ಮೇಲೆ ಸೊಸೆ ಮುಳ್ಳೆನ್ನುವಂತಿಲ್ಲ.

ಮನೆಯಲ್ಲಿ, ಗಂಡ ಔಷಧಿ ಕೊಡುವಾಗ, ಅವಳು ಅವನಿಗೆ ಹೇಳಿದಳು. "ನನಗ ಮೊದಲಿನ್ಹಾಂಗ ಅದ್ರಿ. ಒಂದು ಕೂದಲೆಳಿಯಷ್ಟೂ ಕಡಿಮಿ ಆಗಿಲ್ಲ."

"ಅಪ್ಪಗ ಛಲೋ ಅನಿಸೇದಲ್ಲ?"

"ಅವ್ರಿಗೆ ಅನಿಸಿರಬಹುದು."

ಮುಂದಿನ ವಾರ ಮೆತ್ತನೆಯ ರಬ್ಬರು ಚಪ್ಪಟೆಯಾಗಿ, ಮುಂದೆ ಮತ್ತೆ 'ಖಟ್' ಅನ್ನತೊಡಗಿತು. ಸಿದ್ದಾರೂಢನಿಗೆ ಒಂದು ಥರ ಸಮಾಧಾನವೇ ಆಯಿತು. ರಬ್ಬರಿನದೇ ತಪ್ಪು, ಬದಲಿಸಿದರೆ ಸರಿಹೋದೀತು. ಗಟ್ಟಿಯದನ್ನು ಹಾಕಿಸಿದ. ಕಾರು ಗ್ಯಾರೇಜಿನಲ್ಲಿದ್ದ ದಿನ ಮತ್ತೊಂದು ಕರೆಂಟ್ ತಪ್ಪಿತು. ಡಾಕ್ಟರು ಮೇಜು ಕುಟ್ಟಿ ಬಯ್ದರು. ಅವರಿಗೆ ರಬ್ಬರಿನ ವಿಷಯ ಹೇಳುವುದು ಹೇಗೆ? ತಲೆ ತಗ್ಗಿಸಿ ಬಯ್ಗುಳ ತಿಂದು ಬಂದ.

ಗಟ್ಟಿ ರಬ್ಬರಿನ ಕಾರಿನಲ್ಲಿ ಶಿವಪುತ್ರಪ್ಪ, "ಮೆತ್ತಂದಕಿಂತ ಒಂಚೂರು ಕಡಿಮಿ, ಆದ್ರ ಛಲೋ ಅದ," ಎಂದು ತೀರ್ಪು ಕೊಟ್ಟ. ಅಂದು ಮನೆಗೆ ಬಂದವಳೇ ರೇಣು ಚಾಪೆಯ ಮೇಲೆ ಮಗ್ಗುಲಾಗಿ, ನಾಳೆ ನನ್ನನ್ನು ಎಬ್ಬಿಸಬೇಡಿ ಅಂದಳು.

ಆಗ ಪಾರವ್ವನ ತಾಳ್ಮೆ ತಪ್ಪಿತು. ಮೂರು ವಾರದಿಂದ ಒಲೆ ಅವಳ ಕೊರಳಿಗೆ ಬಿದ್ದಿತ್ತು. ಮೊಣಕಾಲು ಹಿಡಿಯುತ್ತಿದ್ದವು. ಶೀತಲ್ ತಟ್ಟಿದ ರೊಟ್ಟಿಯನ್ನು ನಾಯಿಯೂ ಮೂಸುತ್ತಿರಲಿಲ್ಲ. ಗಂಡ ಬೆಳಿಗ್ಗೆ ಸ್ನಾನಕ್ಕೆ ನೀರು ಕೇಳಿದರೆ, ಮಗ ಡಬ್ಬಿ ಕೇಳುತ್ತಿದ್ದ.

"ನಿಮ್ಮ ಮಾವಗ ಎಪ್ಪತ್ತು ದಾಟ್ಯಾವ," ಅಂದಳು, ಲಟ್ಟಣಿಗೆ ಹಿಡಿದುಕೊಂಡೇ. "ಆ ಮುದುಕನ ಎಲುಬಿಗೆ ಹತ್ತದ ಧಕ್ಕಾ ನಿನಗ ಹತ್ತತದ? ಒಂದ ಗಾಡಿ, ಒಂದ ಹಾದಿ. ಅವರು ಹೂ ಅಂತಾರ, ನೀ ಮುಳ್ಳು ಅಂತಿ. ಮನಸ ಗಟ್ಟಿ ಮಾಡಬೇಕು ರೇಣು. ನಿನ್ನ ಹಿಂದ ಮಗಳದಾಳ. ನಾವೆಲ್ಲಾ ನಿನಗಾಗಿ ಓಡ್ಯಾಡಲಿಕತ್ತೀವಿ, ನೀ ಒಬ್ಬಾಕಿ ತಡಕೊಳ್ಳಲಿಕ್ಕಾಗೂದಿಲ್ಲ?"

"ಆಯೀ, ಸಾಕು," ಅಂದಳು ಶೀತಲ್.

"ನೀ ಸುಮ್ಮಕಿರು. ನಾಳಿ ಪೇಪರ್ ಅದ ಅಂತಿ, ಓದು."

ರೇಣು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅತ್ತೆ ಹೇಳಿದ್ದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಒಂದೇ ಗಾಡಿ, ಒಂದೇ ಹಾದಿ. ಎಪ್ಪತ್ತು ದಾಟಿದವರು ತಡೆದುಕೊಂಡದ್ದನ್ನು ತಾನು ತಡೆದುಕೊಳ್ಳಲಾರೆನೆಂದರೆ ಕೊರತೆ ತನ್ನಲ್ಲೇ ಇರಬೇಕು. ಅವಳಿಗೆ ನಾಚಿಕೆಯಾಯಿತು. ಮರುದಿನ ತಾನೇ ಎದ್ದು, ಗೋಡೆ ಹಿಡಿದು ನಡೆದು ಕಾರಿನಲ್ಲಿ ಕೂತಳು. ಅಂದಿನಿಂದ ಅವಳು ನೋವಿನ ಮಾತೆತ್ತಲಿಲ್ಲ.

ಎಲ್ಲರಿಗೂ ಹಗುರವಾಯಿತು. ಮನೆಯಲ್ಲಿ ಜಗಳ ಕಡಿಮೆಯಾಯಿತು. ಹುರುಪುಗೊಂಡ ಸಿದ್ದಾರೂಢ ರವಿವಾರ ಮಾರ್ತಾಂಡನಿಂದ ಕೆಂಪು ರಬ್ಬರನ್ನೂ ಹಾಕಿಸಿಬಿಟ್ಟ. ಶಿವಪುತ್ರಪ್ಪ ಅದನ್ನು ಮೂರರಲ್ಲೂ ಶ್ರೇಷ್ಠ ಎಂದು ಹೊಗಳಿದ. "ಆಕಿಗೆ ಕೇಳು, ಹೆಂಗನಿಸ್ತದ?" ಎಂದು ಹೆಂಡತಿಗೆ ಹೇಳಿದ. ಪಾರವ್ವ ಕೇಳಿದಳು. "ಹಗುರಾಗೇದ್ರಿ ಅತ್ತಿ," ಅಂದಳು ರೇಣು. ಮುದುಕ ಆ ದಿನ ಎರಡು ರೊಟ್ಟಿ ಹೆಚ್ಚು ತಿಂದ.

ಪಾರವ್ವನಿಗೆ ಆ ವಾರ ಬೇರೊಂದು ಪೀಡೆ ಗಂಟುಬಿತ್ತು. ಒಗೆಯಲು ಹಾಕಿದ ರೇಣುವಿನ ಸೀರೆಗಳ ಸೆರಗಿನಲ್ಲಿ ತೂತು. ಒಂದರಲ್ಲಲ್ಲ, ನಾಕು ಸೀರೆಯಲ್ಲೂ, ಸೆರಗಿನ ತುದಿಯಲ್ಲೇ, ಕಡಿದು ಜಗಿದ ಹಾಗೆ.

"ಮನ್ಯಾಗ ಇಲಿ ಹೊಕ್ಕಾವ," ಎಂದು ಸಾರಿದಳು. ಹಾಸಿಗೆ ಇಡುವ ಕಪಾಟಿನ ಕೆಳಗೆ ಬೋನು ಇಟ್ಟಳು. ಒಣಕೊಬ್ಬರಿಯ ತುಂಡು ಸಿಕ್ಕಿಸಿದಳು. ಇಲಿ ಬೀಳಲಿಲ್ಲ, ತೂತು ನಿಲ್ಲಲಿಲ್ಲ. "ಶಾಣ್ಯಾ ಇಲಿ, ಕೊಬ್ಬರಿ ಬಿಟ್ಟು ಸೀರಿ ತಿಂತದ," ಎಂದು ಬಯ್ದುಕೊಂಡಳು. ರೇಣು ಕೇಳಿಸಿಕೊಂಡು ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಇನ್ನೊಂದು ಸಂಗತಿಯೂ ನಡೆಯಿತು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದು ಸಂಜೆ ಶೀತಲ್ ನೋಡುತ್ತಾಳೆ, ಫರಸಿಯ ಮೇಲೆ ರಕ್ತದ ಕಲೆ, ಬಚ್ಚಲಿನಿಂದ ಅವ್ವನ ಚಾಪೆಯವರೆಗೆ.

"ಅವ್ವಾ, ನಿನ್ನ ಹೆಬ್ಬೆರಳು ಒಡದದ."

ರೇಣು ಬಗ್ಗಿ ನೋಡಿದಳು. ಬಲಗಾಲಿನ ಉಗುರು ಅರ್ಧ ಕಿತ್ತಿತ್ತು. "ಯಾವಾಗ ಎಡವಿದ್ನೋ," ಅಂದಳು. ಶೀತಲ್ ಅರಿಶಿನ ಒತ್ತಿ ಬಟ್ಟೆ ಕಟ್ಟಿ, ಮತ್ತೆ ಪುಸ್ತಕಕ್ಕೆ ಹೋದಳು. ಅವಳ ಪರೀಕ್ಷೆ ನಡೆದಿತ್ತು.

*

ಕೊನೆ ಕೊನೆಗೆ ರೇಣುವಿನ ನಡಿಗೆ ತೀರ ವಾಲತೊಡಗಿತು. ಸೋಮವಾರ ಪಾರವ್ವ ತಾನೂ ಬರುತ್ತೇನೆಂದು ಹೊರಟಳು. ಒಲೆ ಆರಿಸಿ, ಸೀರೆ ಬದಲಿಸಿ, ಸೊಸೆಯನ್ನು ತೋಳಿನಲ್ಲಿ ಹಿಡಿದು ಹಿಂದಿನ ಸೀಟಿಗೆ ಹತ್ತಿಸಿ ಪಕ್ಕದಲ್ಲಿ ಕೂತಳು. ಮಠದ ಜಾತ್ರೆಗೆಂದು ಕೂತದ್ದು ಬಿಟ್ಟರೆ ವರ್ಷದಿಂದ ಅವಳು ಆ ಕಾರು ಹತ್ತಿರಲಿಲ್ಲ.

ಓಣಿ ದಾಟುವ ತನಕ ಎಲ್ಲ ಸರಿಯಿತ್ತು. ದೊಡ್ಡ ರಸ್ತೆಯ ಮೊದಲನೆಯ ಉಬ್ಬು ಬಂತು. ಮುಂದಿನ ಗಾಲಿ ನಯವಾಗಿ ಏರಿ ಇಳಿಯಿತು. ಆಮೇಲೆ ಹಿಂದಿನ ಗಾಲಿ ಏರಿ ಧಡಾರನೆ ಬಿತ್ತು. ಪಾರವ್ವ ಸೀಟಿನಿಂದ ಗೇಣುದ್ದ ಮೇಲೆ ಹಾರಿ, ತಲೆ ಕಾರಿನ ಚಾವಣಿಗೆ ಬಡಿದು, ಹಲ್ಲಿಗೆ ಹಲ್ಲು ತಾಗಿತು.

"ಏನೂ ಗೊತ್ತಾಗೂದಿಲ್ಲ ನೋಡು ಸಿದ್ದೂ," ಮುಂದಿನ ಸೀಟಿನಿಂದ ಶಿವಪುತ್ರಪ್ಪನ ದನಿ ಬಂತು. "ಈ ಕೆಂಪು ರಬ್ಬರ್ ಖರೇನ ಛಲೋ."

ಪಾರವ್ವ ತಲೆ ಸವರಿಕೊಳ್ಳುತ್ತ ಸೊಸೆಯ ಕಡೆ ತಿರುಗಿದಳು. ರೇಣು ಎರಡೂ ಕೈಯಿಂದ ಸೀಟಿನ ಅಂಚು ಹಿಡಿದಿದ್ದಳು. ಕಣ್ಣು ಮುಚ್ಚಿದ್ದವು, ನೀರು ಮಾತ್ರ ಇಳಿಯುತ್ತಿತ್ತು. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಿದ್ದಳು. ಇನ್ನೊಂದು ಗುಂಡಿ ಬಂತು. ಅವಳ ದವಡೆ ಬಿಗಿಯಿತು, ಬಟ್ಟೆ ಹರಿದ ಸಪ್ಪಳ ಪಾರವ್ವನಿಗೆ ಕೇಳಿಸಿತು.

ಪಾರವ್ವ ಮೆಲ್ಲಗೆ ಆ ಸೆರಗನ್ನು ಅವಳ ಬಾಯಿಂದ ಬಿಡಿಸಿದಳು. ತುದಿಯಲ್ಲಿ ಹೊಸ ತೂತು. ಅವಳು ಬೋನು ಇಟ್ಟು ಕಾದ ಇಲಿ ಸಿಕ್ಕಿತ್ತು.

"ಗಾಡಿ ನಿಂದ್ರಸು," ಅಂದಳು.

"ಇಲ್ಲೇನವ್ವಾ? ಹಿಂದ ಬಸ್ ಬರಲಿಕತ್ತದ."

"ಬರಲಿ. ನಿಂದ್ರಸು."

ಸಿದ್ದಾರೂಢ ಕಾರನ್ನು ರಸ್ತೆಯ ಅಂಚಿಗೆ ತಂದ.

"ಆ ರಬ್ಬರ್ ಎಲ್ಲಿ ಹಾಕೀರಿ?"

"ಸ್ಪ್ರಿಂಗಿನ ಮ್ಯಾಲ. ಹೇಳೀನಲ್ಲ."

"ಯಾವ ಸ್ಪ್ರಿಂಗು? ಮುಂದಿಂದೋ, ಹಿಂದಿಂದೋ?"

"ಮುಂದಿಂದು. ಹಿಂದ ಸುರುಳಿ ಸ್ಪ್ರಿಂಗ್ ಇರೂದಿಲ್ಲವ್ವಾ, ಉಕ್ಕಿನ ಪಟ್ಟಿ ಇರತಾವ. ಅಲ್ಲಿ ಈ ರಬ್ಬರ್ ಕೂಡೂದ…"

ತನ್ನ ಬಾಯಿಂದಲೇ ಬಂದದ್ದು ತನ್ನ ಕಿವಿಗೆ ಬಿದ್ದು, ಅವನು ಸ್ಟೇರಿಂಗ್ ಬಿಟ್ಟು ಹಿಂದೆ ತಿರುಗಿದ. ಹಿಂದೆ ರೇಣು ಇದ್ದಳು. ಮೂರು ಥರದ ರಬ್ಬರು, ಮೂರು ಸಲ ಗ್ಯಾರೇಜು, ತಪ್ಪಿದ ಕರೆಂಟು, ಎಲ್ಲ ಮುಂದಿನ ಸೀಟಿಗೆ. ಮಾರ್ತಾಂಡ 'ವಯಸ್ಸಾಯಿತು' ಅಂದದ್ದು ಯಾರಿಗೆ ಎಂಬುದು ಅವನಿಗೆ ಈಗ ಹೊಳೆಯಿತು. ಮನೆಯವರಿಗೆ ತ್ರಾಸು ಅಂದರೆ ಮಾರ್ತಾಂಡ ಮನೆಯ ಹಿರಿಯನಿಗೆ ಎಂದು ತಿಳಿದಿದ್ದ. ಇಷ್ಟು ವರ್ಷ ಆ ಕಾರಿನ ಮುಂದಿನ ಸೀಟಿನಲ್ಲಿ ಅವನು ಕಂಡದ್ದು ರುಮಾಲಿನ ಮುದುಕನನ್ನೇ ತಾನೆ.

"ಸಿಂಬಿ ಒಬ್ಬರ ತಲಿಮ್ಯಾಲ, ಕೊಡ ಇನ್ನೊಬ್ಬರ ತಲಿಮ್ಯಾಲ," ಅಂದಳು ಪಾರವ್ವ. "ತಿಂಗಳಾತು. ನಾ ಲಟ್ಟಣಿಗಿ ಹಿಡದು ಈಕಿಗೆ ಮನಸ ಗಟ್ಟಿ ಮಾಡು ಅಂದೆ."

ಹಿಂದಿನ ಬಸ್ಸು ಹಾರ್ನು ಬಡಿಯುತ್ತ ಪಕ್ಕದಿಂದ ಹೋಯಿತು.

ಶಿವಪುತ್ರಪ್ಪ ಬಾಗಿಲು ತೆಗೆದ. ಕೋಲು ಊರಿ ಇಳಿದು ನಿಂತ. ಮುಖ ರಸ್ತೆಯ ಕಡೆಗಿತ್ತು. "ಆಕಿನ್ನ ಮುಂದ ಕೂಡಸ್ರಿ," ಅಂದ.

"ಬ್ಯಾಡ್ರಿ ಅತ್ತಿ," ರೇಣು ಗಾಬರಿಯಾದಳು. "ಮಾವಾರು ಹಿಂದ, ನಾ ಮುಂದ, ಇವರ ಬಾಜೂಕ. ಮಂದಿ ನೋಡತಾರ."

"ನೋಡಲಿ," ಅಂದಳು ಅತ್ತೆ. "ಮಂದಿ ಬೆನ್ನು ಅಲ್ಲದು, ನಿನ್ನ ಬೆನ್ನು."

ಪಾರವ್ವ ಒಂದು ಕಡೆ, ಸಿದ್ದಾರೂಢ ಒಂದು ಕಡೆ ಹಿಡಿದು ಅವಳನ್ನು ಇಳಿಸಿದರು. ರಿಕ್ಷಾಗಳು ಕಿರುಚುತ್ತಿದ್ದವು, ಯಾರೋ ಬಯ್ದು ಹೋದರು. ಅವಸರವಾಯಿತು. ಮುಂದಿನ ಬಾಗಿಲಿನ ಹೊಸ್ತಿಲಿಗೆ ರೇಣುವಿನ ಬಲಗಾಲು ಸಿಕ್ಕಿಕೊಂಡಿತು. ಸಿದ್ದಾರೂಢ ಬಗ್ಗಿ ಅದನ್ನು ಕೈಯಿಂದ ಎತ್ತಿ ಒಳಗಿಟ್ಟ. ಬೆನ್ನಿಗೆ ದಿಂಬು ಕೊಟ್ಟರು. ಮುದುಕ ಹಿಂದೆ ಹತ್ತಿ ಹೆಂಡತಿಯ ಪಕ್ಕ ಕೂತ. ಕೋಲು ಎಲ್ಲಿಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ.

ಕಾರು ಹೊರಟಿತು. ಉಬ್ಬು ಬಂತು. ಹಿಂದೆ ಶಿವಪುತ್ರಪ್ಪ ಹಾರಿ ಬಿದ್ದ, ರುಮಾಲು ಕಣ್ಣಿನ ಮೇಲೆ ಇಳಿಯಿತು. ಅವನು ಅದನ್ನು ಸರಿಮಾಡಿಕೊಳ್ಳಲಿಲ್ಲ. ಮುಂದಿನ ಗುಂಡಿಗೆ ಅವನ ಸೊಂಟ ಹಿಡಿಯಿತು. ಒಳ್ಳೆಯ ಬೆನ್ನಿಗೇ ಇಷ್ಟು, ಗಂಟಿರುವ ಬೆನ್ನಿಗೆ ಎಷ್ಟಾಗಿರಬೇಕು? ದಿನಾಲೂ ತಾನು ಹೂವು ಹೂವು ಎನ್ನುತ್ತ ಕೂತದ್ದು ನೆನಪಾಗಿ ಅವನಿಗೆ ಅಳು ತಡೆಯಲಾಗಲಿಲ್ಲ. ಪಾರವ್ವ ನೋಡಿಯೂ ನೋಡದವಳಂತೆ ಕಿಟಕಿಯ ಕಡೆ ಮುಖ ಮಾಡಿದಳು.

ಮುಂದೆ ರೇಣು ಮೊದಲು ಅಂಜುತ್ತ ಕೂತಿದ್ದಳು. ಒಂದೆರಡು ಗುಂಡಿ ದಾಟಿದ ಮೇಲೆ ಸೀಟು ಹಿಡಿದ ಕೈ ಸಡಿಲವಾಯಿತು. ಸೆರಗು ತೊಡೆಯ ಮೇಲೆ ಬಿತ್ತು. ಮುಂದಿನ ಗಾಜಿನಿಂದ ಆ ರಸ್ತೆಯನ್ನು ಅವಳು ನೋಡಿದ್ದು ಅದೇ ಮೊದಲ ಸಲ. ಎಷ್ಟು ಅಗಲ ಇದೆ ಎಂಬಂತೆ ನೋಡಿದಳು.

"ಹೆಂಗದ?" ಸಿದ್ದಾರೂಢ ಕೇಳಿದ. ಈ ಸಲ ಅವಳ ಕಡೆಗೆ ತಿರುಗಿ ಕೇಳಿದ. "ರೇಣು, ಹೆಂಗದ?"

ಅವಳು ಒಂದು ಗಳಿಗೆ ತನ್ನ ಮೈಯನ್ನೇ ಕೇಳಿಕೊಂಡಂತಿತ್ತು.

"ಏನೂ ಗೊತ್ತಾಗವಲ್ದ್ರಿ," ಅಂದಳು.

ಸಿದ್ದಾರೂಢ ನಕ್ಕ. ತಿಂಗಳಿನಲ್ಲಿ ಅವನು ನಕ್ಕದ್ದು ಅದೇ ಮೊದಲು. ಹಿಂದೆ ಪಾರವ್ವ ಮಠದ ಸಿದ್ಧಾರೂಢ ಸ್ವಾಮಿಗಳಿಗೆ ಕೈಮುಗಿದು ಕಾಯಿ ಹರಕೆ ಹೊತ್ತಳು. ಇನ್ನೊಂದು ವಾರ ಉಳಿದಿದೆ, ಬೇಕಾದರೆ ಡಾಕ್ಟರ ಕಾಲು ಹಿಡಿದು ತಪ್ಪಿದ್ದನ್ನೂ ಕೊಡಿಸೋಣ, ದಿನಾ ಹೀಗೇ ಮುಂದೆ ಕೂಡಿಸಿಕೊಂಡು ಬರೋಣ ಎಂದು ಸಿದ್ದಾರೂಢ ಹೇಳುತ್ತಲೇ ಇದ್ದ. ರೇಣು 'ಹೂಂ' ಅನ್ನುತ್ತಿದ್ದಳು.

ಆಸ್ಪತ್ರೆಯ ಬಾಗಿಲಿಗೆ ಕಾರು ನಿಂತಾಗ ಎಲ್ಲರಿಗಿಂತ ಮೊದಲು ಇಳಿದವನು ಶಿವಪುತ್ರಪ್ಪ. ಸೊಂಟ ಹಿಡಿದುಕೊಂಡೇ ಮುಂದೆ ಬಂದು, ಮುಂದಿನ ಬಾಗಿಲನ್ನು ತನ್ನ ಕೈಯಿಂದ ತೆಗೆದ. ಸೊಸೆಗೆ ಬಾಗಿಲು ತೆಗೆದದ್ದು ಅವನ ಜನ್ಮದಲ್ಲಿ ಅದೇ ಮೊದಲು. ಮುಖ ನೋಡಲು ಸಂಕೋಚವಾಗಿ ಕೆಳಗೆ ನೋಡಿದ.

ರೇಣುವಿನ ಎಡಗಾಲಿನಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿದಾಗಿತ್ತು. ಹೆಬ್ಬೆರಳಿನ ಬಟ್ಟೆ ಬಿಚ್ಚಿ, ಕಿತ್ತ ಉಗುರು ಕಾರಿನ ತಗಡಿಗೆ ಒತ್ತಿಕೊಂಡಿತ್ತು. ಇನ್ನೊಂದು ಚಪ್ಪಲಿ ಕಾರು ನಿಲ್ಲಿಸಿದ ರಸ್ತೆಯ ಅಂಚಿನಲ್ಲೇ ಬಿದ್ದಿರಬೇಕು.

ಮುದುಕ ಗೋಡೆಯನ್ನೂ ಹುಡುಕಲಿಲ್ಲ, ಹೆಂಡತಿಯನ್ನೂ ಕರೆಯಲಿಲ್ಲ.

"ನಿನ್ನ ಚಪ್ಪಲಿ ಎಲ್ಲವ್ವಾ?" ಎಂದು ಅವಳನ್ನೇ ಕೇಳಿದ.

ಮಾವ ತನ್ನೊಡನೆ ಮಾತಾಡಿದನೆಂದು ರೇಣು ಗಡಬಡಿಸಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಹಾಕ್ಕೊಂಡೀನಲ್ರಿ ಮಾವಾರ," ಅಂದಳು.